ಕಂಪ್ಯೂಟರಿನಲ್ಲಿ ಸಿಕ್ಕಿಕೊಂಡ ಮಾವ

ಭಾನುವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಹದಿನಾಲ್ಕು ವರ್ಷ ಆ ಮನೆಯಲ್ಲಿ ಬಾಳಿ ಬದುಕಿದ ಕಂಪ್ಯೂಟರು ಒಮ್ಮೆ ‘ಟಪ್’ ಎಂದಿತು, ಸುಟ್ಟ ರಬ್ಬರಿನ ವಾಸನೆ ಬಿಟ್ಟಿತು, ಆಮೇಲೆ ಉಸಿರೆತ್ತಲಿಲ್ಲ. ಅದರ ಮುಂದೆ ಕೂತಿದ್ದ ಅಲ್ಪವಿರಾಮ ಗಾಬರಿಯಿಂದ ಎದ್ದು ನಿಂತ. ಮರುಕ್ಷಣ ಅವನ ಮುಖದ ಮೇಲೆ ಒಂದು ಮಂದಹಾಸ ಮೂಡಿತು. ಅದನ್ನು ಯಾರೂ ನೋಡಲಿಲ್ಲ. ನೋಡಿದ್ದರೆ ಈ ಕತೆ ಅಲ್ಲಿಗೇ ಮುಗಿದುಹೋಗುತ್ತಿತ್ತು.

ಅಲ್ಪವಿರಾಮ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವನು ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡುವವನು. ಇಪ್ಪತ್ತು ವರ್ಷ ಬೇರೆಯವರು ಬರೆದದ್ದಕ್ಕೆ ಕಾಮಾ ಹಾಕಿ ಹಾಕಿ, ಮಾತಾಡುವಾಗಲೂ ಅಲ್ಲಲ್ಲಿ ನಿಲ್ಲುವ ಅಭ್ಯಾಸ ಅಂಟಿಕೊಂಡಿತ್ತು. “ನಾನು, ಹೋಗಿ, ಹಾಲು, ತರ್ತೀನಿ” ಎನ್ನುವಷ್ಟರಲ್ಲಿ ಹಾಲಿನ ಅಂಗಡಿ ಮುಚ್ಚಿರುತ್ತಿತ್ತು. ಐದು ಮಹಡಿಯ ಆ ಕಟ್ಟಡದ ಜನ ಒಮ್ಮತದಿಂದ ಒಪ್ಪಿದ ವಿಷಯ ಒಂದೇ ಒಂದು, ಅದು ಅವನ ಅಡ್ಡಹೆಸರು.

ಮಂದಹಾಸಕ್ಕೆ ಕಾರಣ ಅವನ ಮಾವ. ಹೆಂಡತಿಯ ತಂದೆ ನಿವೃತ್ತ ಲಿಫ್ಟ್ ಇನ್ಸ್‌ಪೆಕ್ಟರು. ಮೂವತ್ತೇಳು ವರ್ಷ ಊರಿನ ಲಿಫ್ಟುಗಳನ್ನೆಲ್ಲ ಹತ್ತಿ, ಇಳಿದು, ಸರ್ಟಿಫಿಕೇಟಿಗೆ ಸಹಿ ಹಾಕಿದವರು. ಲಿಫ್ಟಿನ ಬಾಗಿಲಿಗೆ ಕಿವಿಯಿಟ್ಟು “ಮೇಲಿನ ಬೇರಿಂಗ್ ಒಣಗಿದೆ” ಎಂದರೆ ಮುಗಿಯಿತು, ಬಿಚ್ಚಿ ನೋಡಿದಾಗ ಒಣಗಿಯೇ ಇರುತ್ತಿತ್ತಂತೆ. ಮೂರು ವರ್ಷದ ಹಿಂದೆ ಅವರಿಗೆ ಆತ್ಮಕತೆ ಬರೆಯುವ ಆಸೆ ಹುಟ್ಟಿತು. ಕಣ್ಣು ಮಂಜು, ಕೈ ನಡುಕ. ಆದರೇನು, ಅಳಿಯ ಅಕ್ಷರದ ಕೆಲಸದವನು, ಅಳಿಯನ ಮನೆಯಲ್ಲಿ ಕಂಪ್ಯೂಟರಿದೆ. ಪ್ರತಿ ಭಾನುವಾರ ಹತ್ತಕ್ಕೆ ಸರಿಯಾಗಿ ಬಂದು, ಒರಗು ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಹನ್ನೆರಡರವರೆಗೆ ಹೇಳುತ್ತಿದ್ದರು. ಅಳಿಯ ಟೈಪ್ ಮಾಡಬೇಕು. ಪುಸ್ತಕದ ಹೆಸರು ‘ಏರಿಳಿತ’.

ಮೊದಲ ನಾಲ್ಕು ಭಾನುವಾರ ಅಲ್ಪವಿರಾಮ ಪ್ರಾಮಾಣಿಕವಾಗಿಯೇ ಟೈಪ್ ಮಾಡಿದ. ತೊಂದರೆ ಏನೆಂದರೆ ಮಾವನ ಬದುಕಿನಲ್ಲಿ ಏನೂ ನಡೆದಿರಲಿಲ್ಲ. ‘ಬೆಳಿಗ್ಗೆ ಆ ಕಟ್ಟಡಕ್ಕೆ ಹೋದೆ. ಲಿಫ್ಟ್ ಹತ್ತಿದೆ. ಮೇಲೆ ಹೋದೆ. ಕೆಳಗೆ ಬಂದೆ. ಲಿಫ್ಟ್ ಸರಿಯಾಗಿತ್ತು. ಸಹಿ ಹಾಕಿದೆ.’ ಮರುದಿನ ಇನ್ನೊಂದು ಕಟ್ಟಡ, ಅಲ್ಲೂ ಲಿಫ್ಟ್ ಸರಿಯಾಗಿತ್ತು. ಐದನೆಯ ಭಾನುವಾರ ಮಾವ, “ಬಾಗಿಲು ತೆರೆದೆ, ಒಳಗೆ ಯಾರೂ ಇರಲಿಲ್ಲ” ಎಂದರು. ಅಲ್ಪವಿರಾಮನ ಬೆರಳುಗಳು ಯಜಮಾನನ ಅಪ್ಪಣೆ ಕೇಳದೆ ‘ಬಾಗಿಲು ತೆರೆದೆ. ಒಳಗೆ ಒಂದು ಶವವಿತ್ತು’ ಎಂದು ಟೈಪ್ ಮಾಡಿಬಿಟ್ಟವು.

ಅಲ್ಲಿಂದ ಮುಂದೆ ಮಾವ ಒಂದು ಕಡೆ ಲಿಫ್ಟ್ ಹತ್ತಿ ಇಳಿಯುತ್ತಿದ್ದರು, ಅಳಿಯ ಇನ್ನೊಂದು ಕಡೆ ಕೊಲೆಗಾರನ ಬೆನ್ನು ಹತ್ತಿದ್ದ. ಮಧ್ಯೆ ಮಧ್ಯೆ ಮಾವ, “ಎಲ್ಲಾ ಬರ್ಕೊಂಡ್ರಾ ಅಳಿಯಂದ್ರೇ?” ಎಂದು ಕೇಳುವರು. “ಬರ್ಕೊಂಡೆ, ಮಾವ” ಎಂದು ಇವನು ಹೇಳುವನು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಎನ್ನುತ್ತಾರೆ. ಇಲ್ಲಿ ಕಣ್ಣು ಮುಚ್ಚಿಕೊಂಡಿದ್ದವರು ಹಾಲಿನ ಯಜಮಾನರು, ಅಷ್ಟೇ ವ್ಯತ್ಯಾಸ. ಹೀಗೆ ಮೂರು ವರ್ಷಕ್ಕೆ ನಾನೂರ ಹನ್ನೆರಡು ಪುಟವಾಯಿತು. ಕೊಲೆಗಾರ ಯಾರೆಂದು ತಿಳಿಸುವ ಕೊನೆಯ ಅಧ್ಯಾಯವೊಂದು ಬಾಕಿ.

ಈ ಭಾನುವಾರ ಮಾವನಿಗೆ ಎಪ್ಪತ್ತೈದು ತುಂಬುತ್ತಿತ್ತು. ಸಂಜೆ ಆರಕ್ಕೆ ಕೆಳಗಿನ ಸಭಾಂಗಣದಲ್ಲಿ, ಅವರ ಹಳೆಯ ಸಹೋದ್ಯೋಗಿಗಳ ಮುಂದೆ ‘ಏರಿಳಿತ’ವನ್ನು ಓದುವುದೆಂದು ಹೆಂಡತಿ ಏರ್ಪಾಡು ಮಾಡಿದ್ದಳು. ಅಷ್ಟರೊಳಗೆ ನೆನಪಿನಿಂದ ಹತ್ತಿಪ್ಪತ್ತು ಪುಟ ನಿಜವಾದ ಆತ್ಮಕತೆಯನ್ನು ಹೊಲಿದು ಸಿದ್ಧಮಾಡೋಣವೆಂದು ಅಲ್ಪವಿರಾಮ ಬೆಳಿಗ್ಗೆಯೇ ಎದ್ದು ಕೂತಿದ್ದ. ಆಗಲೇ ‘ಟಪ್’. ಸತ್ತ ಕಂಪ್ಯೂಟರು ಸಾಕ್ಷಿ ಹೇಳುವುದಿಲ್ಲ, ಅದಕ್ಕೇ ಮಂದಹಾಸ. ಆದರೆ ಮಂದಹಾಸ ತುಟಿಯಿಂದ ಕೆನ್ನೆಗೆ ತಲುಪುವ ಮೊದಲೇ ಇಂಗಿಹೋಯಿತು. ಆ ಡಬ್ಬದೊಳಗೆ ಸಾಕ್ಷಿಯ ಜೊತೆ ಅವನ ಕಾದಂಬರಿಯೂ ಇತ್ತು. ಇಪ್ಪತ್ತು ವರ್ಷ ಕಂಡವರ ತಪ್ಪು ತಿದ್ದಿದವನು ಜನ್ಮದಲ್ಲಿ ಮೊದಲ ಸಲ ತಾನೇ ಬರೆದದ್ದು. ಉಳಿಸಿಕೊಂಡರೆ ಮಾನ ಹೋಗುತ್ತದೆ, ಬಿಟ್ಟರೆ ಪ್ರಾಣ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ.

“ಏನ್ರೀ ಅದು ವಾಸನೆ?” ಎನ್ನುತ್ತ ಹೆಂಡತಿ ಬಂದಳು. ನೋಡಿದಳು. “ಅಯ್ಯೋ, ಅಪ್ಪನ ಜೀವನ!” ಎಂದು ಕಿರುಚಿದಳು.

ಆ ಕಿರುಚಾಟಕ್ಕೆ ಎದುರು ಮನೆಯ ಬಾಗಿಲು ತೆರೆಯಿತು. ಅಲ್ಲಿರುವವರು ನಿವಾಸಿಗಳ ಸಂಘದ ಸೆಕ್ರೆಟರಿ. ನೀರಿನ ಪೈಪು ಒಡೆದರೂ, ಯಾರ ಮನೆಯಲ್ಲಿ ಹಾಲು ಉಕ್ಕಿದರೂ ಸಭೆ ಕರೆಯದೆ ಬಿಡುವವರಲ್ಲ. ಬಾಯಲ್ಲಿ ಬ್ರಷ್ಷಿಟ್ಟುಕೊಂಡೇ ಓಡಿ ಬಂದರು.

“ಏನಾಯ್ತಮ್ಮಾ? ತಂದೆಯವರು ಹೋಗ್ಬಿಟ್ರಾ?”

“ಇಲ್ಲ ಅಣ್ಣ, ಅಪ್ಪ ಚೆನ್ನಾಗಿದಾರೆ. ಕಂಪ್ಯೂಟರ್ ಹೋಯ್ತು. ಅದರೊಳಗೆ ಅಪ್ಪ ಇದಾರೆ.”

ಹತ್ತು ನಿಮಿಷದಲ್ಲಿ ಅಲ್ಪವಿರಾಮನ ಮನೆಯಲ್ಲಿ ಒಂಬತ್ತು ಜನ ಸೇರಿದರು. ಸೆಕ್ರೆಟರಿ ಬಾಯಿ ಮುಕ್ಕಳಿಸಿ ಬಂದು ಸಭೆಯನ್ನು ಪ್ರಾರಂಭಿಸಿದರು. “ನೋಡಿ, ನಮ್ಮ ಮುಂದೆ ಇರೋದು ಎರಡೇ ದಾರಿ. ಯಂತ್ರಾನ ರಿಪೇರಿ ಮಾಡಿಸೋದು ಒಂದು. ಯಂತ್ರ ಹಾಳಾಗಿ ಹೋಗ್ಲಿ ಅಂತ ಫೈಲ್ ಮಾತ್ರ ಹೊರಗೆ ತೆಗ್ಸೋದು ಇನ್ನೊಂದು. ನನ್ನ ಅಭಿಪ್ರಾಯ ರಿಪೇರಿ. ಹಳೇ ವಸ್ತುವಿಗೆ ಒಂದು ಮರ್ಯಾದೆ ಅಂತ ಇರುತ್ತೆ.”

ಎರಡನೇ ಮಹಡಿಯ ಹಲ್ಲಿನ ಡಾಕ್ಟರಮ್ಮ ಮುಂದೆ ಬಂದು, ಒಂದು ಚಮಚದ ಹಿಂಬದಿಯಿಂದ ಕಂಪ್ಯೂಟರಿನ ಡಬ್ಬವನ್ನು ನಾಲ್ಕು ಕಡೆ ತಟ್ಟಿ ನೋಡಿದರು. “ಇದು ಬೇರಿನವರೆಗೂ ಹೋಗಿದೆ. ಈಗ ತೇಪೆ ಹಾಕಿದ್ರೆ ಆರು ತಿಂಗಳಿಗೆ ಮತ್ತೆ ನೋವು. ಕಿತ್ತು ಹಾಕಿ, ಒಳಗಿರೋದನ್ನ ತಗೊಳ್ಳಿ.”

“ನಿಮ್ಮ ಹತ್ರ ಬಂದವರಿಗೆಲ್ಲ ಕೀಳೋದೇ ಹೇಳ್ತೀರಿ” ಎಂದರು ಸೆಕ್ರೆಟರಿ.

“ಹೋದ ವರ್ಷ ನಿಮ್ಮ ಮುಂದಿನ ಹಲ್ಲು ಉಳಿಸಿದ್ದು ಯಾರು?”

ಸೆಕ್ರೆಟರಿ ತುಟಿ ಮುಚ್ಚಿಕೊಂಡು, ಕೈ ಎತ್ತುವಂತೆ ಸನ್ನೆ ಮಾಡಿದರು. ರಿಪೇರಿಗೆ ನಾಲ್ಕು ಕೈ, ಫೈಲಿಗೆ ನಾಲ್ಕು ಕೈ. ಎಲ್ಲರೂ ಮನೆಯ ಯಜಮಾನನ ಕಡೆ ತಿರುಗಿದರು.

“ನನಗೆ, ಅನ್ಸುತ್ತೆ,” ಎಂದ ಅಲ್ಪವಿರಾಮ, “ಎರಡೂ, ಬೇಡ.”

ಕಾಯಿಲೆ ಬಿದ್ದ ಹೆತ್ತ ತಾಯಿಗೆ ಔಷಧಿ ಬೇಡ ಎಂದವನನ್ನು ನೋಡುವಂತೆ ಎಲ್ಲರೂ ಅವನನ್ನು ನೋಡಿದರು.

“ಏನ್ರೀ ಹಾಗಂದ್ರೆ? ಮೂರು ವರ್ಷ ಅಪ್ಪ ಗಂಟಲು ಹರ್ಕೊಂಡಿದಾರೆ!”

“ಅಲ್ಲ ಕಣೇ, ವಯಸ್ಸಾಗಿದೆ, ಪಾಪ, ನೆಮ್ಮದಿಯಾಗಿ, ಹೋಗ್ಲಿ ಅಂತ…”

“ಪೆನ್ ಡ್ರೈವಲ್ಲಿ ಒಂದು ಕಾಪಿನಾದ್ರೂ ಇಟ್ಟಿದೀರೋ ಇಲ್ವೋ?”

ಇಟ್ಟಿರಲಿಲ್ಲ. ಕದ್ದ ಮಾಲನ್ನು ಎರಡು ಕಡೆ ಇಡುವ ಕಳ್ಳನನ್ನು ಯಾರಾದರೂ ಕಂಡಿದ್ದಾರೆಯೇ?

“ಸಾರ್, ನಿಮಗೆ ಏನೋ ಭಯ ಇದ್ದ ಹಾಗಿದೆಯಲ್ಲ” ಎಂದು ಸೆಕ್ರೆಟರಿ ಸುಮ್ಮನೆ, ಮಾತಿಗೆ ಅಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಗೆ ಸೇರಿದವನು ನಮ್ಮ ಅಲ್ಪವಿರಾಮ. “ಭಯ? ನನಗೆ? ಯಾಕೆ? ನಾನೇ, ಈಗಲೇ, ಅಂಗಡಿಗೆ, ತಗೊಂಡ್ ಹೋಗ್ತೀನಿ!” ಎಂದವನೇ ವೈರುಗಳನ್ನು ಕಿತ್ತು, ಡಬ್ಬವನ್ನು ಎದೆಗವಚಿಕೊಂಡು ಹೊರಬಿದ್ದ.

ಲಿಫ್ಟು ಐದನೇ ಮಹಡಿಯಲ್ಲಿ ಕೂತು ಕೆಳಗೆ ಬರಲೊಲ್ಲೆ ಎನ್ನುತ್ತಿತ್ತು. ಮೆಟ್ಟಿಲಿಳಿದ. ಎರಡನೇ ಮಹಡಿಯ ತಿರುವಿನಲ್ಲಿ ಒಂದು ದೊಡ್ಡ ಕಿಟಕಿ. ಅದರ ನೇರ ಕೆಳಗೆ ಕಟ್ಟಡದ ಹಿಂದಿನ ಅಂಗಳ, ಗಟ್ಟಿ ಕಲ್ಲಿನ ನೆಲ. ಡಬ್ಬವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಕೈ ಜಾರಿತು ಎಂದರೆ ಯಾರು ನಂಬುವುದಿಲ್ಲ? ಒಂದು ಬೆರಳಿನಲ್ಲಿ ನೂಕಿದರೆ ಸಾಕು, ಮೂರು ವರ್ಷದ ಪಾಪ ಮೂರು ಸೆಕೆಂಡಿನಲ್ಲಿ ತೊಳೆದುಹೋಗುತ್ತಿತ್ತು.

ಬೆರಳು ಚಾಚಿದ. ಆಗ ಹನ್ನೊಂದನೇ ಅಧ್ಯಾಯ ನೆನಪಾಯಿತು. ಎರಡು ಮಹಡಿಗಳ ನಡುವೆ ನಿಂತ ಲಿಫ್ಟಿನಲ್ಲಿ, ಆರಿಹೋಗುತ್ತಿರುವ ಟಾರ್ಚು ಹಿಡಿದು, ಇನ್ಸ್‌ಪೆಕ್ಟರು ತಲೆಯ ಮೇಲೆ ಯಾರೋ ನಡೆದಾಡುವ ಹೆಜ್ಜೆ ಕೇಳಿಸಿಕೊಳ್ಳುವ ಜಾಗ. ಅದರಲ್ಲಿ ಒಂದು ವಾಕ್ಯಕ್ಕಾಗಿ ಅವನು ಎರಡು ಭಾನುವಾರ ಒದ್ದಾಡಿದ್ದ. ಅದು ಸಿಕ್ಕ ದಿನ ಹಬೆಯಾಡುವ ಕಾಫಿಯನ್ನು ಗಟಗಟ ಕುಡಿದು ನಾಲಿಗೆ ಸುಟ್ಟುಕೊಂಡಿದ್ದ. ಅವನಿಗೆ ದುಃಖ ಒತ್ತರಿಸಿ ಬಂತು. ಡಬ್ಬವನ್ನು ಎಳೆದುಕೊಂಡು ಬಿಗಿಯಾಗಿ ಅಪ್ಪಿ, ಅದರ ಮೇಲೆ ಕೆನ್ನೆಯಿಟ್ಟು ನಿಂತ.

ಸಭೆ ಮುಗಿಸಿ ತಮ್ಮ ಮನೆಗೆ ಇಳಿದು ಬರುತ್ತಿದ್ದ ಡಾಕ್ಟರಮ್ಮ ಅದನ್ನು ನೋಡಿ ಕಣ್ಣೊರೆಸಿಕೊಂಡರು. “ಮಾವ ಅಂದ್ರೆ ಇಷ್ಟು ಪ್ರೀತಿ ಇರೋ ಅಳಿಯನ್ನ ನಾನು ನೋಡೇ ಇಲ್ಲ” ಎಂದು ಅವರು ಹೇಳಿದ್ದು ಅರ್ಧ ಗಂಟೆಯಲ್ಲಿ ಐದೂ ಮಹಡಿಗೆ ಮುಟ್ಟಿತು.

ಕೆಳಗಿಳಿಯುವಷ್ಟರಲ್ಲಿ ಅಲ್ಪವಿರಾಮನಿಗೆ ಒಂದು ಉಪಾಯ ಹೊಳೆದಿತ್ತು. ಕಂಪ್ಯೂಟರು ಸಾಯಲಿ, ಫೈಲು ಬದುಕಲಿ, ಆದರೆ ಬದುಕಿದ್ದು ತನಗೊಬ್ಬನಿಗೇ ಗೊತ್ತಿರಲಿ. ಅಂಗಡಿಯಲ್ಲಿ ಫೈಲನ್ನು ತೆಗೆಸಿ ಬಚ್ಚಿಟ್ಟುಕೊಳ್ಳುವುದು, ಮನೆಗೆ ಬಂದು ಎಲ್ಲ ಸುಟ್ಟುಹೋಯಿತೆಂದು ಅಳುವುದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಅಂಗಡಿ ಎರಡು ಬೀದಿ ಆಚೆ, ಸೈಕಲ್ ಶಾಪಿಗೂ ದರ್ಜಿಯ ಅಂಗಡಿಗೂ ನಡುವೆ ಒತ್ತಿಕೊಂಡಿತ್ತು. ‘ಅಳಬೇಡಿ, ಮೊದಲು ತೋರಿಸಿ’ ಎಂದು ಬೋರ್ಡು. ನಡೆಸುವವರು ಐವತ್ತರ ಆಸುಪಾಸಿನ ಹೆಂಗಸು, ಎಲ್ಲರಿಗೂ ರಿಪೇರಿ ಅಕ್ಕ. ಹಣೆಗೆ ಲೈಟು ಕಟ್ಟಿಕೊಂಡು ಡಬ್ಬ ಬಿಚ್ಚಿದರು. ಒಳಗಿನಿಂದ ಒಂದು ಮುಷ್ಟಿ ಧೂಳು, ಎರಡು ಜಿರಲೆ, ಅರ್ಧ ಪೆನ್ಸಿಲು ಮತ್ತು ನಾಲ್ಕು ವರ್ಷದಿಂದ ಮನೆಯಲ್ಲಿ ಜಗಳಕ್ಕೆ ಕಾರಣವಾಗಿದ್ದ ಹೆಂಡತಿಯ ಓಲೆಯೊಂದು ಹೊರಬಂತು.

“ಪವರ್ ಸಪ್ಲೈ ಸುಟ್ಟಿದೆ, ಬೋರ್ಡಿಗೂ ಏಟು ಬಿದ್ದಿದೆ. ರಿಪೇರಿ ಅಂದ್ರೆ ಹಳೇ ಬೋರ್ಡ್ ಹುಡುಕ್ಬೇಕು, ತಿಂಗಳಾಗುತ್ತೆ. ಆದ್ರೆ ಡಿಸ್ಕ್ ಚೆನ್ನಾಗಿದೆ. ಅದನ್ನ ನನ್ನ ಕಂಪ್ಯೂಟರಿಗೆ ಹಾಕಿ ಫೈಲ್ ತೆಗೆದುಕೊಡ್ಲಾ?”

“ಒಂದೇ, ಫೈಲ್, ಸಾಕು. ಮಾವ, ಅಂತ, ಹೆಸರಿದೆ.”

“ನಂದೊಂದು ಪದ್ಧತಿ ಇದೆ” ಎಂದರು ಅಕ್ಕ, ಡಿಸ್ಕನ್ನು ಜೋಡಿಸುತ್ತ. “ಒಂದು ಕಾಪಿ ಗಿರಾಕಿಗೆ, ಒಂದು ಕಾಪಿ ಗಿರಾಕಿಯ ಮರೆವಿಗೆ. ಪೆನ್ ಡ್ರೈವ್ ಕಳ್ಕೊಂಡು ಮರುದಿನ ಅಳ್ತಾ ಬರ್ತಾರೆ ನೋಡಿ. ಮತ್ತೆ, ಅಕ್ಷರ ಸರಿಯಾಗಿ ಬಂದಿದೆಯಾ ಅಂತ ನಾನೇ ಒಂದು ಪುಟ ಓದಿ ನೋಡದೆ ಕೊಡಲ್ಲ.”

ಅವರು ಫೈಲು ತೆರೆದು ಎಲ್ಲೋ ಮಧ್ಯದ ಒಂದು ಪುಟ ಓದಿದರು. ಇನ್ನೊಂದು ಪುಟ ಓದಿದರು. ಆಮೇಲೆ ಹಿಂದಕ್ಕೆ ಹೋಗಿ, ಶವ ಸಿಕ್ಕಿದಲ್ಲಿಂದ ಶುರು ಮಾಡಿದರು. ಬಾಗಿಲಿಗೆ ಬಂದ ಇಬ್ಬರು ಗಿರಾಕಿಗಳನ್ನು ಕೈಸನ್ನೆಯಿಂದಲೇ ವಾಪಸು ಕಳಿಸಿದರು. ಅಲ್ಪವಿರಾಮ ನಿಂತೇ ಇದ್ದ. ತಾನು ಬರೆದದ್ದನ್ನು ಇನ್ನೊಬ್ಬರು ಓದುವುದನ್ನು ಅವನು ಇದುವರೆಗೆ ಕಂಡಿರಲಿಲ್ಲ. ಅಕ್ಕ ಒಂದು ಕಡೆ ಹುಬ್ಬು ಗಂಟಿಕ್ಕಿದರು, ಸರಿಯಾಗಿ ಅಲ್ಲೇ ಗಂಟಿಕ್ಕಬೇಕಾಗಿತ್ತು. ಇನ್ನೊಂದು ಕಡೆ ಕಿಸಕ್ಕೆಂದು ನಕ್ಕರು, ಅಲ್ಲೇ ನಗಬೇಕಾಗಿತ್ತು. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಬೆಳಗಿನಿಂದ ತಿಂಡಿ ತಿಂದಿಲ್ಲವೆಂಬುದೂ ಮರೆತುಹೋಯಿತು.

“ಯಾರ್ರೀ ಇದನ್ನ ಬರೆದಿದ್ದು?”

“ನಾನೇ ಬರೆದದ್ದು” ಎಂದ, ನಡುವೆ ಎಲ್ಲೂ ನಿಲ್ಲದೆ.

“ಕೊಲೆಗಾರ ಯಾರು?”

“ಅದು, ಇನ್ನೂ, ಬರೆದಿಲ್ಲ.”

“ಅಯ್ಯೋ ಪಾಪಿ! ತಗೊಳ್ಳಿ ನಿಮ್ಮ ಪೆನ್ ಡ್ರೈವ್. ಆ ಎರಡನೇ ಕಾಪಿ ಮಾತ್ರ ನನ್ನ ಹತ್ರ ಇರ್ಲಿ, ಓದಿ ಮುಗಿಸ್ತೀನಿ.”

ಬುದ್ಧಿ ಇದ್ದವನು ಅಲ್ಲೇ ಅಳಿಸಿ ಹಾಕಿಸಬೇಕಾಗಿತ್ತು. ಆದರೆ ಇಪ್ಪತ್ತು ವರ್ಷ ಕಾದು ಸಿಕ್ಕಿದ ಒಬ್ಬರೇ ಒಬ್ಬ ಓದುಗರನ್ನು ಯಾವ ಬಾಯಲ್ಲಿ ಬೇಡ ಎನ್ನುವುದು? “ಓದಿ, ಓದಿ” ಎಂದು ಹಲ್ಲು ಕಿರಿದು, ಪೆನ್ ಡ್ರೈವನ್ನು ಎಡಗಾಲಿನ ಕಾಲುಚೀಲದೊಳಗೆ ಸೇರಿಸಿ, ದಾರಿಯುದ್ದಕ್ಕೂ ಅಳುವ ಮುಖ ಅಭ್ಯಾಸ ಮಾಡುತ್ತ ಮನೆಗೆ ಬಂದ.

“ಹೋಯ್ತು ಕಣೇ. ಏನೂ, ಉಳೀಲಿಲ್ಲ.”

ಹೆಂಡತಿ ಅಳುತ್ತಾಳೆಂದು ಅವನು ತಯಾರಾಗಿದ್ದ. ಅವಳು ಅಳಲಿಲ್ಲ. “ಒಂದು ವಾರದಿಂದ ಅಪ್ಪ ಕನ್ನಡಿ ಮುಂದೆ ಕೂತು, ಓದ್ತಿರುವಾಗ ಕೈ ಎಲ್ಲಿಟ್ಕೋಬೇಕು ಅಂತ ನೋಡ್ಕೋತಿದಾರಂತೆ. ನಮ್ಮಣ್ಣ ಫೋನಲ್ಲಿ ಹೇಳಿ ನಗ್ತಿದ್ದ” ಎಂದಳು. ಆಮೇಲೆ ಅವನು ಚಾಚಿದ ಓಲೆಯನ್ನು ತೆಗೆದುಕೊಂಡು, ಮೇಜಿನ ಮೇಲಿಟ್ಟು ಒಳಗೆ ಹೋದಳು. ಜಗಳವಾಡಿದ್ದರೆ ಅಲ್ಪವಿರಾಮನಿಗೆ ಎಷ್ಟೋ ಹಗುರಾಗುತ್ತಿತ್ತು. ಕಾಲುಚೀಲದೊಳಗೆ ಪೆನ್ ಡ್ರೈವು ಕೆಂಡದ ಹಾಗೆ ಸುಡತೊಡಗಿತು.

ಐದೂವರೆಗೆ ಮಾವ ಬಂದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿಗೆ ಪೆನ್ನು. ಅಲ್ಪವಿರಾಮ ಕೆಳಗೆ ಲಿಫ್ಟಿನ ಹತ್ತಿರವೇ ಕಾದಿದ್ದ. ಮಾವ ಅಭ್ಯಾಸದಂತೆ ಲಿಫ್ಟಿನ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದಾಗ ಸುದ್ದಿ ಹೇಳಿದ.

“ಮಾವ, ಕಂಪ್ಯೂಟರು, ಸುಟ್ಟು, ಹೋಯ್ತು.”

ಮಾವ ಕಿವಿ ತೆಗೆಯಲಿಲ್ಲ. “ಎಲ್ಲಾನೂ?”

“ಎಲ್ಲಾನೂ.”

“ಬೇರೆ ಏನಾದ್ರೂ ಇತ್ತಾ ಅದ್ರಲ್ಲಿ? ನಿಮ್ಮದು?”

“ಇಲ್ಲ, ಮಾವ.”

“ಪಾಪ” ಎಂದರು ಮಾವ. ಯಾರಿಗೆ ಹೇಳಿದರೋ ತಿಳಿಯಲಿಲ್ಲ. “ಹೋಗ್ಲಿ ಬಿಡಿ. ಬನ್ನಿ, ಜನ ಕಾಯ್ತಿರ್ತಾರೆ.”

ಸಭಾಂಗಣದಲ್ಲಿ ಮಾವನ ಹನ್ನೊಂದು ಜನ ಹಳೆಯ ಸಹೋದ್ಯೋಗಿಗಳು ಬಿಸ್ಕತ್ತು ತಿನ್ನುತ್ತ ಕೂತಿದ್ದರು. ಹಿಂದೆ ಕಟ್ಟಡದ ಜನ. ಸೆಕ್ರೆಟರಿ ಮಾತ್ರ ಇರಲಿಲ್ಲ, ಅದು ಅಲ್ಪವಿರಾಮನಿಗೆ ಆ ದಿನದ ಮೊದಲ ನೆಮ್ಮದಿ. ಅವನು ಎದ್ದು ನಿಂತು, ಕರವಸ್ತ್ರ ಹಿಡಿದು, “ತುಂಬಾ, ವಿಷಾದದಿಂದ, ಹೇಳ್ಬೇಕಾಗಿದೆ, ನಮ್ಮ ಮಾವನವರ, ಜೀವನ…” ಎನ್ನುವಷ್ಟರಲ್ಲಿ ಬಾಗಿಲು ಧಡಾರನೆ ತೆರೆಯಿತು.

“ಉಳೀತು!” ಎಂದು ಸೆಕ್ರೆಟರಿ ಕೂಗಿದರು.

ಅವರ ಕಂಕುಳಲ್ಲಿ ದಿಂಬಿನಷ್ಟು ದಪ್ಪದ ಕಾಗದದ ಕಟ್ಟು. ಬೆನ್ನ ಹಿಂದೆ ರಿಪೇರಿ ಅಕ್ಕ, ಹಣೆಯ ಲೈಟು ಇನ್ನೂ ಉರಿಯುತ್ತಿತ್ತು.

“ಇ‌ವರ ಮನೆಯಮ್ಮ, ಅಂಗಡೀಲಿ ಇನ್ನೊಂದು ಸಲ ಕೇಳಿ ನೋಡಿ ಅಣ್ಣ ಅಂದ್ರು. ಹೋಗಿ ನೋಡ್ತೀನಿ, ಈ ಅಕ್ಕನ ಹತ್ರ ಎರಡನೇ ಕಾಪಿ! ಪಾಪ, ನಮ್ಮ ಸಾರ್‌ಗೆ ಅದು ಮರೆತೇಹೋಗಿದೆ, ಅಷ್ಟು ದುಃಖ. ನಾಲ್ಕು ಗಂಟೆಯಿಂದ ಪ್ರಿಂಟ್ ತೆಗೆಸ್ತಾ ಇದೀನಿ. ನಾನೂರ ಹನ್ನೆರಡು ಪುಟ! ಈಗ ನಾನೇ ಓದ್ತೀನಿ.”

ಹೆಂಡತಿ ಚಪ್ಪಾಳೆ ತಟ್ಟಿದಳು. ಅಲ್ಪವಿರಾಮ ಕುರ್ಚಿಯ ಮೇಲೆ ಕುಸಿದ.

ಮೊದಲ ನಾಲ್ಕು ಅಧ್ಯಾಯ ಸೆಕ್ರೆಟರಿ ಗಂಭೀರವಾಗಿ ಓದಿದರು. ಮೇಲೆ ಹೋದೆ. ಕೆಳಗೆ ಬಂದೆ. ಲಿಫ್ಟ್ ಸರಿಯಾಗಿತ್ತು. ಎರಡನೇ ಅಧ್ಯಾಯಕ್ಕೆ ಸಹೋದ್ಯೋಗಿಗಳ ತಲೆಗಳು ಒಂದೊಂದಾಗಿ ಎದೆಗೆ ಬಿದ್ದವು. ನಾಲ್ಕನೆಯದಕ್ಕೆ ಗೊರಕೆ ಶುರುವಾಯಿತು. ಎಲ್ಲರೂ ಮಲಗಿಬಿಟ್ಟರೆ ಬದುಕಿದೆ ಎಂದು ಅಲ್ಪವಿರಾಮ ಮನಸ್ಸಿನಲ್ಲೇ ಜೋಗುಳ ಹಾಡುತ್ತಿದ್ದ. ಆಗ ಸೆಕ್ರೆಟರಿ ಪುಟ ತಿರುವಿದರು.

“‘ಬಾಗಿಲು ತೆರೆದೆ. ಒಳಗೆ ಒಂದು…’” ಸೆಕ್ರೆಟರಿ ಕನ್ನಡಕ ಸರಿಮಾಡಿಕೊಂಡರು. “‘ಒಂದು ಶವವಿತ್ತು.’”

ಗೊರಕೆ ನಿಂತಿತು. ಹನ್ನೊಂದು ತಲೆ ಒಟ್ಟಿಗೆ ಮೇಲೆದ್ದವು. ಯಾರದೋ ಕೈಯಿಂದ ಬಿಸ್ಕತ್ತು ಜಾರಿ ಕಾಫಿಯಲ್ಲಿ ಮುಳುಗಿತು.

“ಅಪ್ಪಾ, ಶವನಾ?” ಎಂದಳು ಹೆಂಡತಿ.

ಮಾವ ಅಳಿಯನ ಕಡೆ ತಿರುಗಿ ನೋಡಿದರು. ಒಂದು ಮಹಡಿಯಿಂದ ಇನ್ನೊಂದಕ್ಕೆ ಲಿಫ್ಟು ಹೋಗುವಷ್ಟು ಹೊತ್ತು ನೋಡಿದರು. ಅಲ್ಪವಿರಾಮ ಕಣ್ಣು ಮುಚ್ಚಿಕೊಂಡ.

“ಹೌದಮ್ಮ” ಎಂದರು ಮಾವ. “ಮನೆಯವರು ಹೆದರ್ತಾರೆ ಅಂತ ಹೇಳಿರ್ಲಿಲ್ಲ.”

ಅಲ್ಪವಿರಾಮ ಕಣ್ಣು ಬಿಟ್ಟ. ಎರಡನೇ ಸಾಲಿನಿಂದ ಒಬ್ಬ ಬೋಳುತಲೆಯ ಸಹೋದ್ಯೋಗಿ ಎದ್ದು ನಿಂತರು. “ನನಗೂ ಚೆನ್ನಾಗಿ ಜ್ಞಾಪಕ ಇದೆ! ಆ ವಾರ ನಾನು ರಜಾ ಹಾಕಿದ್ದೆ. ಇಲ್ದಿದ್ರೆ ಆ ಶವಾನ ನಾನೇ ನೋಡ್ತಿದ್ದೆ.”

“ಆಗ ಇಲಾಖೆಯವರು ಮುಚ್ಚಿಹಾಕಿದ್ರು” ಎಂದರು ಇನ್ನೊಬ್ಬರು ತಗ್ಗಿದ ದನಿಯಲ್ಲಿ. “ನಮಗೆಲ್ಲ ಗೊತ್ತಿತ್ತು, ಬಾಯಿ ಬಿಡೋ ಹಾಗಿರ್ಲಿಲ್ಲ.”

“ಓದ್ರೀ ಮುಂದೆ!” ಎಂದು ಡಾಕ್ಟರಮ್ಮ ಗದರಿದರು.

ಎಂಟನೇ ಅಧ್ಯಾಯದವರೆಗೆ ಯಾರೂ ಅಲುಗಾಡಲಿಲ್ಲ. ಸೆಕ್ರೆಟರಿಯ ಗಂಟಲು ಕಟ್ಟಿದ ಮೇಲೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ಮಾವನ ಕೈ ಕುಲುಕುವವರ ಸಾಲು ಬಾಗಿಲಿನವರೆಗೆ ಹೋಯಿತು. ಮಾವ ಎಲ್ಲರಿಗೂ ತಲೆ ಬಾಗಿಸುತ್ತಿದ್ದರು. ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂಬುದು ಅವರಿಗೆ ಈಗ ಚೆನ್ನಾಗಿ ಗೊತ್ತಿತ್ತು.

ರಿಪೇರಿ ಅಕ್ಕ ಮಾತ್ರ ಗೊಂದಲದಲ್ಲಿ ಅಲ್ಪವಿರಾಮನ ಕಡೆ ಬೆರಳು ತೋರಿಸಿ, “ಇದನ್ನ ಬರೆದಿದ್ದು ಇವರಲ್ವಾ?” ಎಂದರು.

“ಹೌದ್ರೀ, ಬರೆದಿದ್ದು ಅವರೇ, ಹೇಳಿದ್ದು ಇವರು” ಎಂದು ಸೆಕ್ರೆಟರಿ ಬಿಡಿಸಿ ಹೇಳಿದರು. ಆಮೇಲೆ ಸಭೆಗೆ ತಿರುಗಿ, “ಇದನ್ನ ನಮ್ಮ ಸಂಘದಿಂದ ಪುಸ್ತಕ ಮಾಡೋಣ. ಹೊದಿಕೆ ಮೇಲೆ ಹಿರಿಯರ ಹೆಸರು ದಪ್ಪಕ್ಷರದಲ್ಲಿ. ನಮ್ಮ ಸಾರ್‌ ಕೆಲಸ ಮಾಡೋ ಪ್ರೆಸ್ಸಿದೆ, ಪ್ರೂಫೂ ಅವರೇ ನೋಡ್ತಾರೆ. ಒಳಗೆ ‘ಟೈಪ್ ಮಾಡಿದವರು, ಅಳಿಯ’ ಅಂತ ಸಣ್ಣದಾಗಿ ಹಾಕೋಣ. ಏನ್ ಸಾರ್?”

ನಿಜ ಹೇಳಬೇಕಾದರೆ ಕಳ್ಳತನ ಒಪ್ಪಿಕೊಳ್ಳಬೇಕು. ಎಪ್ಪತ್ತೈದರ ಹುಟ್ಟುಹಬ್ಬದ ದಿನ, ಹನ್ನೊಂದು ಜನ ಪ್ರತ್ಯಕ್ಷ ಸಾಕ್ಷಿಗಳ ಎದುರು. ಹೆಂಡತಿಯ ಮುಖವೋ, ಮದುವೆಯ ದಿನವೂ ಅಷ್ಟು ಅರಳಿರಲಿಲ್ಲ. “ಹಾಗೇ, ಆಗ್ಲಿ” ಎಂದ ಅಲ್ಪವಿರಾಮ.

ಊಟಕ್ಕೆ ಮಾವನನ್ನು ಮೂರನೇ ಮಹಡಿಗೆ ಕರೆದುಕೊಂಡು ಹೋಗುವ ಕೆಲಸವೂ ಅವನ ಪಾಲಿಗೇ ಬಂತು. ಲಿಫ್ಟಿನಲ್ಲಿ ಇಬ್ಬರೇ. ಬಾಗಿಲು ಮುಚ್ಚಿತು.

“ಎಡಗಾಲಿನ ಕಾಲುಚೀಲದಲ್ಲಿರೋದನ್ನ ತೆಗೀರಿ ಅಳಿಯಂದ್ರೇ” ಎಂದರು ಮಾವ. “ಸಂಜೆಯಿಂದ ನಿಮ್ಮ ಹೆಜ್ಜೆ ಸದ್ದು ಒಂದು ಕಡೆ ಬೇರೆ ಕೇಳಿಸ್ತಿದೆ.”

ಅಲ್ಪವಿರಾಮ ತಣ್ಣಗಾದ. “ಮಾವ, ನಾನು, ಅದು…”

“ಮೂವತ್ತೇಳು ವರ್ಷ ಸದ್ದು ಕೇಳಿದ ಕಿವಿ ಇದು. ನಾನು ಕೆಮ್ಮೋಕೆ ನಿಲ್ಲಿಸಿದ್ರೆ ನಿಮ್ಮ ಬೆರಳು ನಿಲ್ತಿರ್ಲಿಲ್ಲ. ನಾನು ಗಡಗಡ ಮಾತಾಡ್ತಿದ್ರೆ ನೀವು ಸುಮ್ಮನೆ ಕೂತಿರ್ತಿದ್ರಿ. ಐದನೇ ವಾರವೇ ಗೊತ್ತಾಯ್ತು, ಮೇಲೆ ಹೋಗ್ತಿರೋ ಲಿಫ್ಟು ಬೇರೆ, ಕೆಳಗೆ ಬರ್ತಿರೋದು ಬೇರೆ ಅಂತ.”

“ಮತ್ತೆ, ನೀವು, ಯಾಕೆ, ಹೇಳ್ಲಿಲ್ಲ?”

“ಏನಂತ ಹೇಳ್ಲಿ? ನನ್ನ ಜೀವನದಲ್ಲಿ ಏನೂ ನಡೆದಿಲ್ಲ ಅನ್ನೋದು ನನಗೆ ಗೊತ್ತಿಲ್ವಾ? ನಾನು ಸಹಿ ಹಾಕಿದ ಒಂದು ಲಿಫ್ಟೂ ಬೀಳ್ಲಿಲ್ಲ. ಅದೇ ನನ್ನ ಹೆಮ್ಮೆ. ಆದ್ರೆ ಅದನ್ನ ಯಾರು ಓದ್ತಾರೆ?” ಮಾವ ಲಿಫ್ಟಿನ ಗೋಡೆಯ ಮೇಲೆ ಅಂಗೈ ಇಟ್ಟರು. “ಭಾನುವಾರ ನೀವು ಟಕಟಕ ಅಂತ ಓಡಿಸ್ತಿದ್ರಲ್ಲ, ಅದನ್ನ ಕೇಳ್ತಾ ಕೂರೋದೇ ನನಗೆ ಸುಖವಾಗಿತ್ತು. ಯಾವುದೋ ಒಳ್ಳೇ ಯಂತ್ರ ನಡೀತಿದೆ ಅನ್ಸೋದು.”

ಅಲ್ಪವಿರಾಮನ ಕಣ್ಣು ತುಂಬಿ ಬಂತು. ಬಾಗಿ, ಪೆನ್ ಡ್ರೈವ್ ತೆಗೆದು ಕೊಟ್ಟ. ಮಾವ ಅದನ್ನು ಜೇಬಿಗೆ ಹಾಕಿಕೊಂಡು ಮೇಲಿನಿಂದ ಗುಂಡಿಯನ್ನೂ ಹಾಕಿದರು.

“ಹಾಗಂತ ಬಿಟ್ಟುಕೊಡ್ತೀನಿ ಅಂತ ತಿಳೀಬೇಡಿ. ಪುಸ್ತಕ ನಂದೇ. ಕೊನೇ ಅಧ್ಯಾಯ ನಾಳೆಯಿಂದ ಶುರು, ದಿನಾ ಸಂಜೆ ಬರ್ತೀನಿ. ಕಂಪ್ಯೂಟರ್ ಇಲ್ವಲ್ಲ, ಕೈಯಲ್ಲೇ ಬರೀರಿ. ಕೈಬರಹಕ್ಕೆ ಸದ್ದಿರಲ್ಲ, ಅದಕ್ಕೆ ಬರೆದಿದ್ದನ್ನ ಸಾಲು ಸಾಲಾಗಿ ನನಗೆ ಓದಿ ಹೇಳ್ಬೇಕು.”

“ಆದ್ರೆ, ಮಾವ, ಕೊಲೆಗಾರ ಯಾರು ಅಂತ, ನನಗೇ, ಇನ್ನೂ, ಹೊಳೆದಿಲ್ಲ.”

“ನನಗೆ ಹೊಳೆದಿದೆ.”

“ಯಾರು?”

“ಅಳಿಯ” ಎಂದರು ಮಾವ. “ಪ್ರತಿ ಭಾನುವಾರ ಎರಡು ಗಂಟೆ ಹಾಗೆ, ಮೂರು ವರ್ಷ ಕೂತು ಮಾವನ ಜೀವನ ಮುಗಿಸಿದವನು ಅವನಲ್ದೆ ಇನ್ಯಾರು?”

ಲಿಫ್ಟು ಮೂರನೇ ಮಹಡಿಗೆ ಬಂದು ನಿಂತಿತು. ಬಾಗಿಲಲ್ಲಿ ಹೆಂಡತಿ ಕಾದಿದ್ದಳು. ಗಂಡನ ಮುಖ ನೋಡಿ, “ಯಾಕ್ರೀ ಹೀಗಿದೀರ?” ಎಂದಳು.

“ಏನಿಲ್ಲಮ್ಮ” ಎಂದರು ಮಾವ, ಹೊರಗೆ ಕಾಲಿಡುತ್ತ. “ಲಿಫ್ಟ್ ಸರಿಯಾಗಿದೆ.”